ಮೊದಲು ತೂಕ, ಆಮೇಲೆ ಟಯರು

ಹಳೆಯ ಪಿಕಪ್ ಕೊಳ್ಳುವಾಗ ಎಲ್ಲರೂ ಎಂಜಿನ್ ಸದ್ದು ಕೇಳುತ್ತಾರೆ, ಚಾಸಿಯ ಕೆಳಗೆ ಬಗ್ಗಿ ತುಕ್ಕು ನೋಡುತ್ತಾರೆ, ಎಫ್‌ಸಿ ಎಂದಿಗೆ ಮುಗಿಯುತ್ತದೆಂದು ವಿಚಾರಿಸುತ್ತಾರೆ. ಟಯರಿನ ಸರದಿ ಬಂದಾಗ ಮಾತ್ರ ಬಟನ್ ಎಷ್ಟು ಉಳಿದಿದೆ ಎಂಬ ಒಂದೇ ಪ್ರಶ್ನೆ. ಅದು ಆ ಗಾಡಿಗೆ ಹೊಂದುವ ಅಳತೆಯೇ, ನಾವು ಹೇರುವ ಭಾರವನ್ನು ಹೊರುತ್ತದೆಯೇ ಎಂದು ಕೇಳುವವರು ಕಡಿಮೆ. ಆದರೆ ಹಳೆಯ ಗಾಡಿ ಮೂರು ನಾಲ್ಕು ಕೈ ಬದಲಾಗಿ ಬಂದಿರುತ್ತದೆ. ಒಬ್ಬೊಬ್ಬ ಮಾಲೀಕನ ಇಷ್ಟವೂ ಅದರ ಚಕ್ರದಲ್ಲಿ ಉಳಿದುಕೊಂಡಿರುತ್ತದೆ.

ನನ್ನದು ಹಲಸೂರಿನಲ್ಲಿ ಗಿಡ, ಕುಂಡಗಳ ವ್ಯಾಪಾರ. ಹೊಸಕೋಟೆ ಕಡೆಯಿಂದ ಕೆಮ್ಮಣ್ಣು, ಗೊಬ್ಬರ, ಸಿಮೆಂಟ್ ಕುಂಡ ತರಬೇಕು. ಅದನ್ನು ಇಂದಿರಾನಗರದ ಮನೆಗಳಿಗೂ ಅಪಾರ್ಟ್‌ಮೆಂಟುಗಳಿಗೂ ಮುಟ್ಟಿಸಬೇಕು. ಇದಕ್ಕೆಂದು ಕೊಂಡದ್ದು 2008ರ ಬೊಲೆರೊ ಪಿಕಪ್, ಕೆಎ-03 ನೋಂದಣಿ. ಕಂಪನಿಯ ಪುಸ್ತಕದಲ್ಲಿ ಇದ್ದ ಅಳತೆ 215/75 ಆರ್15. ಗಾಡಿಯಲ್ಲಿ ಇದ್ದದ್ದು ಅಗಲವಾದ ಅಲಾಯ್ ಮೇಲೆ 235/75 ಆರ್15. ನೋಡಲು ಗಾಡಿ ಎದೆಯುಬ್ಬಿಸಿ ನಿಂತ ಹಾಗಿತ್ತು. ಟಯರು ಹೇಗೂ ಸವೆದಿತ್ತು. ಹೊಸದು ಹಾಕಿಸುವ ಮೊದಲು ಯಾವುದು ಸರಿ ಎಂದು ತಿಳಿದುಕೊಳ್ಳಲು ಶಿವಾಜಿನಗರದ ಗುಜರಿ ಗಲ್ಲಿಗೆ ಹೋದೆ.

ದಂಡು ಪ್ರದೇಶಕ್ಕೂ ಗಾಡಿಗಳಿಗೂ ನಂಟು ಹಳೆಯದು. ಹಲಸೂರಿನಲ್ಲಿ ಸೇನೆಯ 515 ಬೇಸ್ ವರ್ಕ್‌ಶಾಪ್ ಇದೆ, ಎಂಇಜಿ ಸೆಂಟರ್ ಇದೆ. ಜೀಪು, ಟ್ರಕ್ಕು, ಜಿಪ್ಸಿ ನೋಡದೆ ಇಲ್ಲಿ ಯಾರೂ ಬೆಳೆದಿಲ್ಲ. ಶಿವಾಜಿನಗರದಲ್ಲಿ ಚಕ್ರದ ಡಿಸ್ಕುಗಳನ್ನು ಸೂರಿನವರೆಗೆ ಪೇರಿಸಿಟ್ಟುಕೊಂಡು ಕೂತ ಹಿರಿಯರೊಬ್ಬರನ್ನು ಎಲ್ಲರೂ ಚಾಚಾ ಎನ್ನುತ್ತಾರೆ. ನಾನು ಎರಡೂ ಅಳತೆ ಹೇಳಿ ಯಾವುದು ಹಾಕಲಿ ಎಂದೆ. ಅವರು ಸೈಜಿನ ಮಾತೇ ಎತ್ತಲಿಲ್ಲ. "ಹಿಂದ್ಗಡೆ ಲೋಡ್ ಎಷ್ಟು ಬೀಳ್ತದೆ, ಅದು ಹೇಳಿ ಸಾರ್" ಎಂದರು. ಅಂದಾಜು ಹೇಳಿದೆ. "ಅಂದಾಜ್ ಬ್ಯಾಡ, ತೂಕ ಮಾಡ್ಸ್ಕೊಂಡ್ ಬನ್ನಿ" ಎಂದು ಕಳಿಸಿಬಿಟ್ಟರು.

ಆ ಮಾತಿಗೆ ನಾನು ಇವತ್ತಿಗೂ ಋಣಿ. ವೇಬ್ರಿಡ್ಜ್‌ನಲ್ಲಿ ಸಾಮಾನ್ಯವಾಗಿ ಇಡೀ ಗಾಡಿ ಹತ್ತಿಸಿ ಒಟ್ಟು ತೂಕ ಬರೆಸಿಕೊಳ್ಳುತ್ತೇವೆ. ಟಯರಿನ ಲೆಕ್ಕಕ್ಕೆ ಅದು ಸಾಲದು. ಮುಂದಿನ ಚಕ್ರ ಪ್ಲಾಟ್‌ಫಾರ್ಮ್ ದಾಟಿಸಿ, ಹಿಂದಿನ ಎರಡು ಚಕ್ರ ಮಾತ್ರ ಅದರ ಮೇಲೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಬೇಕು. ಮಳೆಯಲ್ಲಿ ನೆನೆದ ಕೆಮ್ಮಣ್ಣಿನ ಲೋಡು ಹಾಕಿಕೊಂಡು ಹಾಗೆ ತೂಗಿಸಿದೆ. ಒಟ್ಟು ತೂಕ ಆರ್‌ಸಿಯ ಮಿತಿಯೊಳಗೇ ಇತ್ತು. ಹಿಂದಿನ ಆಕ್ಸಲ್ ಮೇಲೆ 1,690 ಕೆ.ಜಿ. ಅಂದರೆ ಒಂದೊಂದು ಟಯರಿಗೆ 845. ಅದೂ ಗಾಡಿ ನಿಂತಿರುವಾಗ. ಗುಂಡಿಗೆ ಇಳಿದಾಗ, ತಿರುವಿನಲ್ಲಿ ವಾಲಿದಾಗ ಒಂದು ಬದಿಗೆ ಇನ್ನೂ ಹೆಚ್ಚು.

ಈಗ ಟಯರಿನ ಪಕ್ಕೆ ಓದಬೇಕು. ಅಳತೆಯ ಪಕ್ಕದಲ್ಲೇ ಒಂದು ಸಣ್ಣ ಸಂಖ್ಯೆ ಇರುತ್ತದೆ, ಲೋಡ್ ಇಂಡೆಕ್ಸ್. 100 ಎಂದರೆ 800 ಕೆ.ಜಿ., 105 ಎಂದರೆ 925, 106 ಎಂದರೆ 950. ಅಂಗಡಿಯಲ್ಲಿ 215/75 ಆರ್15 ಕೇಳಿದರೆ ಮೊದಲು ಎತ್ತಿಕೊಡುವುದು ಜೀಪು, ಎಸ್‌ಯುವಿಗೆ ಹಾಕುವ 100ರ ಟಯರು. ಅಳತೆ ಪುಸ್ತಕದಲ್ಲಿ ಇರುವುದೇ, ಆದರೆ ನನ್ನ 845 ಕೆ.ಜಿ.ಗೆ ಅದು ಸಾಲುವುದಿಲ್ಲ. ಅದೇ ಅಳತೆಯಲ್ಲಿ ಎಂಟು ಪ್ಲೈನ ಎಲ್‌ಟಿ, ಅಂದರೆ ಲೈಟ್ ಟ್ರಕ್ ಟಯರು 106/103 ಬರುತ್ತದೆ. ಓರೆಗೆರೆಯ ಮೊದಲಿನ ಸಂಖ್ಯೆ ಒಂಟಿ ಚಕ್ರಕ್ಕೆ, ಎರಡನೆಯದು ಲಾರಿಯಂತೆ ಜೋಡಿ ಚಕ್ರ ಹಾಕಿದಾಗ.

ಅಗಲವಾದ ಟಯರು ಹೆಚ್ಚು ಹೊರುತ್ತದೆ ಎಂಬ ನಂಬಿಕೆ ಡ್ರೈವರುಗಳಲ್ಲಿ ಗಟ್ಟಿಯಾಗಿದೆ. ಹಾಗೇನೂ ಇಲ್ಲ. ಎಂಟು ಪ್ಲೈನ 195 ಆರ್15 ಸಿ ಟಯರು 215ಕ್ಕಿಂತ ತೆಳ್ಳಗೆ, ಆದರೂ ಅದರ ಮೇಲೆ 106/104 ಎಂದಿರುತ್ತದೆ. ಭಾರ ಹೊರುವುದು ಒಳಗಿನ ಗಾಳಿ. ರಬ್ಬರು, ದಾರ, ತಂತಿಗಳ ಕೆಲಸ ಆ ಗಾಳಿಯನ್ನು ಹಿಡಿದಿಡುವುದು. ಕಾರು ಜಾತಿಯ ಟಯರಿಗೆ 35 ಪಿಎಸ್‌ಐ ಆಸುಪಾಸು, ಈ ಎಂಟು ಪ್ಲೈ ಟಯರಿಗೆ ಪೂರ್ತಿ ಭಾರದಲ್ಲಿ 65ರ ಹತ್ತಿರ. ಹಾಗಾಗಿ ಎಲ್‌ಟಿ ಟಯರು ಹಾಕಿಸಿಕೊಂಡು 35 ಗಾಳಿಯಲ್ಲೇ ಓಡಿಸಿದರೆ ಕೊಟ್ಟ ದುಡ್ಡು ದಂಡ. ಡಿಸ್ಕೂ ವಾಲ್ವೂ ಆ ಒತ್ತಡಕ್ಕೆ ತಕ್ಕದ್ದೇ ಎಂದು ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಇದ್ದ 235ರ ಮೇಲೆ 105 ಇತ್ತು, ಅಂದರೆ 925 ಕೆ.ಜಿ. ಭಾರಕ್ಕೆ ಸಾಕು. ಅದರ ತೊಂದರೆ ಎತ್ತರದಲ್ಲಿ. ಲೆಕ್ಕ ಸುಲಭ: 215ರ ಶೇಕಡ 75 ಅಂದರೆ 161 ಮಿ.ಮೀ. ಪಕ್ಕೆ, ಅದರ ಎರಡರಷ್ಟಕ್ಕೆ 15 ಇಂಚಿನ ಡಿಸ್ಕಿನ 381 ಮಿ.ಮೀ. ಕೂಡಿಸಿದರೆ ಒಟ್ಟು ಎತ್ತರ ಸುಮಾರು 703. ಅದೇ ರೀತಿ 235/75ಕ್ಕೆ 733. ಶೇಕಡ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ. ಮೀಟರ್ 60 ತೋರಿಸಿದಾಗ ಗಾಡಿ 62 ದಾಟಿರುತ್ತದೆ, ಅದು ದೊಡ್ಡದಲ್ಲ. ಆದರೆ ಎಲ್ಲ ಗೇರೂ ಅಷ್ಟೇ ಭಾರವಾಗುತ್ತವೆ. ಇಂದಿರಾನಗರದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಅರ್ಧ ಲೋಡಿನಲ್ಲಿ ಮೇಲೆ ಬರುವಾಗ, ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ತೂಗುಸೇತುವೆಯವರೆಗೆ ಇರುವೆಸಾಲಿನಲ್ಲಿ ಒಂದನೇ ಗೇರು, ಅರ್ಧ ಕ್ಲಚ್ ಎಂದು ತೆವಳುವಾಗ ಆ ನಾಲ್ಕು ಶೇಕಡವನ್ನು ಕ್ಲಚ್ ಪ್ಲೇಟು ತೆರುತ್ತದೆ. ಬ್ರೇಕಿಗೂ ಅದೇ ನಷ್ಟ. ಡ್ರಮ್ ಹಿಡಿಯುವ ಬಲ ಬದಲಾಗಿಲ್ಲ, ಚಕ್ರ ಮಾತ್ರ ದೊಡ್ಡದಾಗಿದೆ. ಹದಿನೇಳು ವರ್ಷದ ಗಾಡಿಯ ಬ್ರೇಕಿನಿಂದ ಏನನ್ನೂ ಕಳೆಯಲು ನನಗೆ ಮನಸ್ಸಿಲ್ಲ.

ಹೊರಕ್ಕೆ ಚಾಚಿದ ಅಲಾಯ್ ಇನ್ನೊಂದು ಬಗೆಯ ಹೊರೆ. ಡಿಸ್ಕು ಹೊರಗೆ ಸರಿದಷ್ಟೂ ಹಬ್ ಬೇರಿಂಗಿನ ಮೇಲೆ ಸನ್ನೆಗೋಲಿನ ಎಳೆತ ಹೆಚ್ಚು, ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಜೋಗುಪಾಳ್ಯದ ಗಲ್ಲಿಗಳಲ್ಲಿ ಸ್ಟೇರಿಂಗ್ ಪೂರ್ತಿ ಒಡೆದು ತಿರುಗಿಸದೆ ಗತಿಯಿಲ್ಲ. ಅಲ್ಲಿ ಪ್ರತಿ ಸಲ ಟಯರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತಿತ್ತು. ಇದನ್ನು ಅಂಗಡಿಯ ಮುಂದೆ ಸಮ ನೆಲದಲ್ಲಿ ಪರೀಕ್ಷಿಸಿದರೆ ಕಾಣುವುದಿಲ್ಲ. ಲೋಡು ಹಾಕಿ, ಮುಂದಿನ ಒಂದು ಚಕ್ರವನ್ನು ಫುಟ್‌ಪಾತಿನ ಅಂಚಿಗೆ ಹತ್ತಿಸಿ, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ ನೋಡಬೇಕು.

ಹುಡುಗರು 17 ಇಂಚಿನ ಚಕ್ರ ಹಾಕೋಣ ಎನ್ನುತ್ತಾರೆ. 225/60 ಆರ್17 ಹಾಕಿದರೆ ಒಟ್ಟು ಎತ್ತರ 702, ಹೆಚ್ಚುಕಡಿಮೆ ಕಂಪನಿಯ ಅಳತೆಯೇ. ಮೀಟರೂ ಸರಿ, ಗೇರೂ ಸರಿ. ಆದರೆ ಪಕ್ಕೆ 161ರಿಂದ 135 ಮಿ.ಮೀ.ಗೆ ಇಳಿಯುತ್ತದೆ. ಹಳೆ ಮದ್ರಾಸ್ ರಸ್ತೆಯಲ್ಲಿ, ಮೆಟ್ರೊ ಕೆಲಸ ನಡೆಯುವ ಹೊರವರ್ತುಲ ರಸ್ತೆಯ ಬಾಯಲ್ಲಿ, ಮಳೆನೀರು ತುಂಬಿದ ಗುಂಡಿಯ ಆಳ ಯಾರಿಗೂ ಕಾಣುವುದಿಲ್ಲ. ಅಲ್ಲಿ ಡಿಸ್ಕನ್ನು ಕಾಯುವುದು ಆ ಪಕ್ಕೆಯ ಎತ್ತರ. ಮಣ್ಣು ಹೊರುವ ಗಾಡಿಗೆ 15 ಇಂಚಿನ ಕಬ್ಬಿಣದ ಡಿಸ್ಕೇ ಸರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಬಗ್ಗಿದರೆ ತಟ್ಟಿ ನೇರ ಮಾಡಬಹುದು, ಅಲಾಯ್ ಸೀಳಿಬಿಡುತ್ತದೆ.

ಕಾನೂನಿನ ಮಾತೂ ಇದೆ. ಗೂಡ್ಸ್ ಗಾಡಿಯ ನೋಂದಣಿ ಅರ್ಜಿಯಲ್ಲಿ ಪ್ರತಿ ಆಕ್ಸಲ್ಲಿನ ಟಯರಿನ ಸಂಖ್ಯೆ, ಅಳತೆ, ಪ್ಲೈ ಬರೆಯಲು ಜಾಗವೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 58ನೇ ಕಲಮು ಸರಕು ಗಾಡಿಯ ತೂಕದ ಮಿತಿಯನ್ನು ಟಯರಿನ ಸಂಖ್ಯೆ, ಬಗೆ, ಅಳತೆಗೆ ಕಟ್ಟಿಹಾಕಿದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸಬಾರದು ಎನ್ನುವುದು 52ನೇ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹಳೆಯ ಗಾಡಿಯನ್ನು ಎಫ್‌ಸಿಗೆ ಒಯ್ಯುವವರಿಗೆ ಇದು ನೆನಪಿರಬೇಕು.

ಅಲಾಯ್ ಕೊಟ್ಟು ಕಬ್ಬಿಣದ ಡಿಸ್ಕು ತೆಗೆದುಕೊಂಡದ್ದು ಚಾಚಾ ಅಂಗಡಿಯಲ್ಲೇ. ಐದು ತೂತಿನ ಡಿಸ್ಕೆಲ್ಲ ನೋಡಲು ಒಂದೇ ಥರ. ಅವರು ಟೇಪು ಹಿಡಿದು ಅಕ್ಕಪಕ್ಕದ ಎರಡು ತೂತುಗಳ ನಡುವಿನ ದೂರ ಅಳೆದು 1.7ರಿಂದ ಗುಣಿಸಿ, ತೂತುಗಳ ವೃತ್ತದ ವ್ಯಾಸ ಕಂಡುಕೊಳ್ಳುತ್ತಾರೆ. ಜಿಪ್ಸಿಯದೂ ಹಳೆಯ ಜೀಪಿನದೂ 82 ಮಿ.ಮೀ. ಬರುತ್ತದೆ, ಗುಣಿಸಿದರೆ 139.7ರ ಹತ್ತಿರ. ಒಂದೆರಡು ಮಿ.ಮೀ. ತಪ್ಪಿದರೂ ನಟ್ಟು ಓರೆಯಾಗಿ ಕೂರುತ್ತದೆ, ಆಮೇಲೆ ಬೋಲ್ಟು ಕತ್ತರಿಸಿಕೊಂಡು ಹೋಗುತ್ತದೆ. ಅಳತೆ ಆದ ಮೇಲೆ ಡಿಸ್ಕನ್ನು ಎತ್ತಿ ಹಿಡಿದು ಸ್ಪ್ಯಾನರಿನಿಂದ ಒಂದು ಏಟು ಕೊಟ್ಟರು. ಮೊದಲನೆಯದು ಟಣ್ಣೆಂದು ಎಳೆದು ನಿಂತಿತು. ಮೂರನೆಯದು ದಪ್ ಎಂದಿತು. ಅದನ್ನು ತಿರುಗಿಸಿ, ನಟ್ಟಿನ ತೂತಿನಿಂದ ಹೊರಟ ಕೂದಲೆಳೆಯ ಬಿರುಕನ್ನು ಉಗುರಿನಿಂದ ತೋರಿಸಿ ಮೂಲೆಗೆ ಎಸೆದರು. ಡಿಸ್ಕಿನ ತುಕ್ಕು ಕೆರೆದಾಗ ಅಗಲದ ಗುರುತು ಸಿಕ್ಕಿತು. 215/75ಕ್ಕೆ ಐದೂವರೆಯಿಂದ ಏಳು ಇಂಚು ನಡೆಯುತ್ತದೆ. 235/75ಕ್ಕೆ ಕನಿಷ್ಠ ಆರು ಬೇಕು. ಐದೂವರೆಯ ಡಿಸ್ಕಿಗೆ 235 ತುರುಕಿರುವ ಗಾಡಿಗಳು ಊರಲ್ಲಿ ಬೇಕಾದಷ್ಟಿವೆ.

ಡಿಸ್ಕು ಗುಜರಿಯಲ್ಲಿ ಕೊಳ್ಳಬಹುದು, ಟಯರು ಬೇಡ. ಬಟನ್ ಚೆನ್ನಾಗಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಪಕ್ಕೆಯ ಕೊನೆಯ ನಾಲ್ಕು ಅಂಕಿ ನೋಡಿ: 2318 ಎಂದಿದ್ದರೆ 2018ರ 23ನೇ ವಾರದ್ದು. ಸವೆತಕ್ಕೆ ಕಾನೂನಿನ ಮಿತಿ 1.6 ಮಿ.ಮೀ. ಇದೆ, ನಾನು ಮಳೆಗಾಲಕ್ಕೆ ಮುಂಚೆ, ಅದಕ್ಕಿಂತ ಹೆಚ್ಚು ಇರುವಾಗಲೇ ಬದಲಾಯಿಸುತ್ತೇನೆ.

ಕೊನೆಗೆ ಹಾಕಿಸಿದ್ದು 215/75 ಆರ್15 ಎಲ್‌ಟಿ, 106/103, ಐದೂ ಒಂದೇ ಥರ. ಸ್ಟೆಪ್ನಿಗೆ ಹಳೆಯದನ್ನೇ ಬಿಡಿ, ಖರ್ಚು ಉಳಿಯುತ್ತದೆ ಎಂದು ಟಯರ್ ಅಂಗಡಿಯ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಒಪ್ಪಲಿಲ್ಲ. ಒಂದು ಆಕ್ಸಲ್ಲಿನಲ್ಲಿ ಒಂದು ಕಡೆ 703, ಇನ್ನೊಂದು ಕಡೆ 733 ಎತ್ತರದ ಚಕ್ರ ಕೂತರೆ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡದೆ ದುಡಿಯಬೇಕಾಗುತ್ತದೆ, ಲೋಡಿನಲ್ಲಿ ಗಾಡಿ ಒಂದು ಬದಿಗೆ ಎಳೆಯುತ್ತದೆ. ಡಿಸ್ಕು ಬದಲಾದ್ದರಿಂದ ಐವತ್ತು ಕಿಲೋಮೀಟರ್ ಓಡಿಸಿ ಬನ್ನಿ, ನಟ್ಟು ಇನ್ನೊಮ್ಮೆ ಬಿಗಿ ಮಾಡಿಕೊಡುತ್ತೇನೆ ಎಂದ. ಹೊಸಕೋಟೆಗೆ ಹೋಗಿ ಬಂದು ನಿಲ್ಲಿಸಿದಾಗ ಹಿಂದಿನ ಎಡಚಕ್ರದ ಎರಡು ನಟ್ಟು ಕಾಲು ಸುತ್ತು ಹಿಡಿದವು.