ಗುಡ್ಡದ ಓಟಕ್ಕೆ ಹೊರಟ ಅಕ್ಕನ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನ ಮೆಸೇಜು ಓದಿದೆ. ಡಾಂಬರು ರಸ್ತೆಯ ಓಟ ಸಾಕಾಗಿದೆ, ಇನ್ನು ಗುಡ್ಡ, ಕಾಡು, ತೋಟದ ದಾರಿ. ಮಲ್ನಾಡ್ ಅಲ್ಟ್ರಾ ಅನ್ನುವ ಗುಡ್ಡದ ಓಟದಲ್ಲಿ 50 ಕಿ.ಮೀ.ಗೆ ಹೆಸರು ಕೊಡಲಾ ಚಿಕ್ಕಮ್ಮಾ ಅಂತ ಕೇಳಿದ್ದೀಯ. ನಿನ್ನ ವಯಸ್ಸಿನ ಸುಮಾರು ಹುಡುಗ ಹುಡುಗಿಯರು ಈಚೆಗೆ ಇದನ್ನೇ ಕೇಳುತ್ತಾರೆ. ಹಾಗಾಗಿ ಉತ್ತರವನ್ನು ಎಲ್ಲರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಹೋಗು, ಖಂಡಿತ ಹೋಗು. ಆದರೆ ಈ ವರ್ಷ ಐವತ್ತು ಬೇಡ, ಮೂವತ್ತರ ಆಸುಪಾಸಿನದು ಯಾವುದಾದರೂ ಇರಲಿ.

ಮುಖ ಊದಿಸಿಕೊಳ್ಳಬೇಡ. ಹಾಫ್ ಮ್ಯಾರಥಾನನ್ನು ಎರಡು ಗಂಟೆ ಹತ್ತು ನಿಮಿಷಕ್ಕೆ ಮುಗಿಸುವವಳ ಕಾಲಿನ ಬಗ್ಗೆ ನನಗೇನೂ ಅನುಮಾನವಿಲ್ಲ. ಅನುಮಾನ ಇರುವುದು ನಿನ್ನ ಕೈಗಡಿಯಾರದ ಬಗ್ಗೆ. ಕಿಲೋಮೀಟರಿಗೆ ಆರು ನಿಮಿಷ, ಆರೂಕಾಲು ನಿಮಿಷ ಅಂತ ಅದು ದಿನಾ ನಿನಗೆ ಒಪ್ಪಿಸುತ್ತಾ ಬಂದಿದೆ. ಗುಡ್ಡದಲ್ಲಿ ಒಂದು ಕಿಲೋಮೀಟರಿಗೆ ಏಳು ನಿಮಿಷ ಹಿಡಿದರೂ ಸರಿ, ಇಪ್ಪತ್ತೈದು ಹಿಡಿದರೂ ಸರಿ. ಇದು ತಲೆಗೆ ಹತ್ತುವ ತನಕ ನೀನು ಪ್ರತಿ ಏರಿನಲ್ಲೂ ಹಿಂದೆ ಬಿದ್ದೆ ಅಂತ ಗಾಬರಿಯಾಗಿ ಓಡುತ್ತೀಯ, ಮಧ್ಯಾಹ್ನದ ಹೊತ್ತಿಗೆ ದಾರಿ ಬದಿಯಲ್ಲಿ ಕೂತಿರುತ್ತೀಯ.

ವಿಲಿಯಂ ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲೇ ಇದಕ್ಕೊಂದು ಲೆಕ್ಕ ಹಾಕಿಕೊಟ್ಟಿದ್ದಾನೆ. ಸುಮಾರಾಗಿ ಐದು ಕಿ.ಮೀ. ನಡಿಗೆಗೆ ಒಂದು ಗಂಟೆ. ಅದರ ಮೇಲೆ ಆರುನೂರು ಮೀಟರ್ ಏರಿಗೆ ಇನ್ನೊಂದು ಗಂಟೆ. 30 ಕಿ.ಮೀ. ಓಟದಲ್ಲಿ ಒಟ್ಟು 1,200 ಮೀಟರ್ ಏರು ಇದ್ದರೆ ನಡೆಯುವವನಿಗೆ ಆರು ಗಂಟೆ, ಎರಡು ಗಂಟೆ, ಕೂಡಿ ಎಂಟು. ನೀನು ಅಲ್ಲಲ್ಲಿ ಓಡಿ ಅಲ್ಲಲ್ಲಿ ನಡೆದು ಐದೂವರೆಯಿಂದ ಆರು ಗಂಟೆಯಲ್ಲಿ ಮುಗಿಸಬಹುದು. ಅಷ್ಟೇ ದೂರ ರಸ್ತೆಯಲ್ಲಾದರೆ ನಿನಗೆ ಮೂರೂಕಾಲು ಗಂಟೆ ಸಾಕು. ಆ ಹೆಚ್ಚಿನ ಎರಡೂವರೆ ಗಂಟೆ ಇದೆಯಲ್ಲ, ಅದರ ಅಭ್ಯಾಸ ನಿನ್ನ ಹೊಟ್ಟೆಗೂ ಇಲ್ಲ, ಪಾದಕ್ಕೂ ಇಲ್ಲ, ತಲೆಗೂ ಇಲ್ಲ. ಭಾನುವಾರದ ಓಟವನ್ನು ಇನ್ನು 25 ಕಿ.ಮೀ. ಅಂತ ಬರೆದುಕೊಳ್ಳಬೇಡ, ನಾಲ್ಕು ಗಂಟೆ ಅಂತ ಬರೆದುಕೋ.

ಏರು ಬಂದರೆ ನಡಿ. ನಾಚಿಕೆ ಪಡುವಂಥದ್ದೇನೂ ಇಲ್ಲ. ಮೌಂಟ್ ಬ್ಲಾಂಕ್ ಸುತ್ತ ಸುಮಾರು 170 ಕಿ.ಮೀ. ಓಡುವ ಯುಟಿಎಂಬಿಯಲ್ಲಿ ಒಟ್ಟು ಏರು ಹತ್ತು ಸಾವಿರ ಮೀಟರ್; ಅಲ್ಲಿ ಮೊದಲು ಬರುವವರೂ ಕಡಿದಾದ ಕಡೆ ನಡೆದೇ ಹತ್ತುತ್ತಾರೆ. ಮಾತಾಡುತ್ತಾ ಹೋಗಲು ಆಗದಷ್ಟು ಏದುಸಿರು ಬಂತೋ, ನಡಿಗೆಗೆ ಇಳಿ. ಕಡಿದು ಹೆಚ್ಚಾದರೆ ಕೈಯನ್ನು ತೊಡೆಯ ಮೇಲೆ ಒತ್ತಿ ಹೆಜ್ಜೆ ಹಾಕು. ಏರಿನ ವಿಷಯ ಇಷ್ಟೇ.

ಇಳಿಜಾರು ಹಾಗಲ್ಲ. ಗುಡ್ಡದ ಓಟ ಹಾಳಾಗುವುದೇ ಇಳಿಜಾರಲ್ಲಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಒಂದು ಕಡೆ ಮೈಭಾರ ತಡೆಯುತ್ತಲೇ ಇನ್ನೊಂದು ಕಡೆ ಉದ್ದವಾಗುತ್ತಾ ಹೋಗುತ್ತದೆ, ಅದರ ನಾರು ಹರಿಯುವುದು ಆಗಲೇ. ಅವತ್ತು ಗೊತ್ತಾಗುವುದಿಲ್ಲ, ಎರಡನೇ ದಿನ ಕಮೋಡಿನ ಮೇಲೆ ಕೂರಲೂ ಗೋಡೆ ಹಿಡಿಯಬೇಕು. ಆದರೆ ಈ ಸ್ನಾಯುವಿಗೆ ಒಂದು ಒಳ್ಳೆಯ ಗುಣವಿದೆ: ಒಂದು ಸಲ ಹೀಗೆ ಪೆಟ್ಟು ತಿಂದು ಸುಧಾರಿಸಿಕೊಂಡರೆ ಕೆಲವು ವಾರಗಳ ಕಾಲ ಅಷ್ಟೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ನೀನು ಮೈಸೂರಿನಲ್ಲಿದ್ದೀಯ, ಚಾಮುಂಡಿ ಬೆಟ್ಟದ ಮೆಟ್ಟಿಲಿದೆ. ಎಲ್ಲರೂ ಹತ್ತಿ, ಅಮ್ಮನವರಿಗೆ ಕೈಮುಗಿದು, ಬಸ್ಸಿನಲ್ಲಿ ಇಳಿದು ಬರುತ್ತಾರೆ. ನೀನು ಇಳಿಯುವುದಕ್ಕೋಸ್ಕರವೇ ಹತ್ತು.

ಮಣ್ಣಿನ ಇಳಿಜಾರಿಗೆ ಬೇರೆ ಪಾಠ. ಮೈ ಹಿಂದಕ್ಕೆ ವಾಲಿಸಿ ಹಿಮ್ಮಡಿ ಊರಿ ಇಳಿದರೆ ಮಲೆನಾಡಿನ ಜೇಡಿಯಲ್ಲಿ ಕುಂಡೆ ಮೇಲೆ ಬೀಳುವುದು ಗ್ಯಾರಂಟಿ. ಹೆಜ್ಜೆ ಚಿಕ್ಕದು, ಬೇಗ ಬೇಗ. ಮೊಣಕಾಲು ಸ್ವಲ್ಪ ಬಗ್ಗಿರಲಿ. ಕೈ ಎರಡೂ ಅಗಲಕ್ಕೆ ಬಿಟ್ಟಿರಲಿ. ಕಣ್ಣು ಕಾಲಿನ ಬುಡದಲ್ಲಿರಬಾರದು, ಮೂರು ನಾಲ್ಕು ಹೆಜ್ಜೆ ಮುಂದಿರಬೇಕು. ಪಾಚಿ ಕಟ್ಟಿದ ಕಲ್ಲು, ಒದ್ದೆ ಬೇರು, ಅಡಿಕೆ ದಬ್ಬೆಯ ಸಂಕ, ಈ ಮೂರರ ಮೇಲೆ ಎಷ್ಟು ದುಬಾರಿ ಶೂ ಹಾಕಿದ್ದರೂ ಓಡಬೇಡ. ಅಡಿಯ ಹಲ್ಲುಗಳು ಕೆಸರನ್ನು ಹಿಡಿಯುತ್ತವೆ, ಪಾಚಿಯನ್ನಲ್ಲ. ಶೂ ಅರ್ಧ ಸೈಜು ದೊಡ್ಡದೇ ಇರಲಿ. ಗಂಟೆಗಟ್ಟಲೆ ಓಡಿದರೆ ಪಾದ ಊದಿಕೊಳ್ಳುತ್ತದೆ, ಇಳಿಜಾರಲ್ಲಿ ಉಗುರು ಶೂಗೆ ತಾಗಿ ಕಪ್ಪಾಗುತ್ತದೆ.

ಇನ್ನು ಹೊಟ್ಟೆಯ ವಿಚಾರ. ಆರು ಗಂಟೆ ಓಡಬೇಕಾದರೆ ಓಡುತ್ತಲೇ ತಿನ್ನುವುದನ್ನು ಕಲಿಯಬೇಕು. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ-ಸಕ್ಕರೆ ಅನ್ನುವುದು ಸಾಮಾನ್ಯ ಲೆಕ್ಕ. ಜೆಲ್ ಪ್ಯಾಕೆಟ್ಟೇ ಆಗಬೇಕೆಂದಿಲ್ಲ. ಬಾಳೆಹಣ್ಣು, ಖರ್ಜೂರ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಬೆಲ್ಲದ ಪಾನಕ ಎಲ್ಲ ನಡೆಯುತ್ತವೆ. ಕಡಲೆ ಚಿಕ್ಕಿ ರುಚಿ, ಆದರೆ ಏರಿನಲ್ಲಿ ಅಗಿಯುತ್ತಾ ಉಸಿರು ಬಿಡುವುದು ಕಷ್ಟ. ಹಸಿವಾದ ಮೇಲೆ ತಿಂದರೆ ತಡವಾಯಿತು. ಅರ್ಧ ಗಂಟೆಗೊಮ್ಮೆ ಗಡಿಯಾರ ಕೂಗಲಿ, ಅದು ಮಾಡಬಹುದಾದ ಒಳ್ಳೆಯ ಕೆಲಸ ಅದೊಂದೇ.

ನೀರನ್ನು ಬಾಯಾರಿಕೆಗೆ ತಕ್ಕಷ್ಟೇ ಕುಡಿ. 'ಕುಡಿ, ಇನ್ನೂ ಕುಡಿ' ಅನ್ನುವ ಉಪದೇಶ ಎಲ್ಲ ಕಡೆ ಕೇಳುತ್ತೀಯ. ಆದರೆ 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಇರಬೇಕಾದದ್ದಕ್ಕಿಂತ ಕೆಳಗಿಳಿದಿತ್ತು. ಓಡುತ್ತಾ ಮೈತೂಕ ಏರುವಷ್ಟು ನೀರು ಕುಡಿದವರಲ್ಲೇ ಇದು ಹೆಚ್ಚು. ತಲೆನೋವು, ವಾಕರಿಕೆ, ಬೆರಳು ಊದುವುದು ಕಂಡರೆ ಇನ್ನಷ್ಟು ನೀರು ಸುರಿದುಕೊಳ್ಳಬೇಡ. ಹಾಗೆಯೇ ನೋವಿನ ಮಾತ್ರೆ. ಬ್ರೂಫೆನ್ ನುಂಗಿ ಓಡುವವರನ್ನು ನೋಡುತ್ತೀಯ. ಬಿಸಿಲು, ಬೆವರು, ಹರಿದ ಸ್ನಾಯುವಿನ ಕಸ, ಇಷ್ಟನ್ನು ನಿಭಾಯಿಸುತ್ತಿರುವ ಮೂತ್ರಪಿಂಡದ ಮೇಲೆ ಆ ಮಾತ್ರೆಯನ್ನೂ ಹೇರಬೇಡ. ಓಟದ ನಂತರ ಮೂತ್ರ ಕಡು ಕಾಫಿ ಬಣ್ಣಕ್ಕೆ ತಿರುಗಿದರೆ ಮನೆಗಲ್ಲ, ಆಸ್ಪತ್ರೆಗೆ.

ನಮ್ಮ ಕಡೆಯ ಎರಡು ಪ್ರಾಣಿಗಳ ಸಂಗತಿ ನಿನಗೆ ಪೇಟೆಯ ಕೋಚ್ ಹೇಳುವುದಿಲ್ಲ. ಮಳೆಗಾಲಕ್ಕೆ ಉಂಬಳ, ಬೇಸಗೆಗೆ ಉಣುಗು. ಉಂಬಳಕ್ಕೆ ಹೆದರಬೇಡ. ಸುಣ್ಣವೋ ಉಪ್ಪೋ ತಾಗಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲದೆ ಸುರಿದರೂ ಅದರಿಂದ ಏನೂ ಆಗುವುದಿಲ್ಲ. ಹೆದರಬೇಕಾದದ್ದು ಕಣ್ಣಿಗೂ ಸರಿಯಾಗಿ ಕಾಣದ ಉಣುಗಿಗೆ. ಮಂಗನ ಕಾಯಿಲೆ ಹರಡುವುದು ಅದರಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ ಇವತ್ತಿಗೂ ಒಣಗಾಲ ಬಂತೆಂದರೆ ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ತಲೆ ಎತ್ತುತ್ತದೆ. ನವೆಂಬರಿನಿಂದ ಮೇವರೆಗೆ ತರಗೆಲೆ ತುಳಿಯುತ್ತಾ ಓಡುವುದಾದರೆ ಕಾಲುಚೀಲ ಮೊಣಕಾಲಿನವರೆಗಿರಲಿ, ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಚ್ಚಿಕೊಂಡಿದ್ದರೆ ಚರ್ಮದ ಹತ್ತಿರ ಚಿಮಟದಲ್ಲಿ ಹಿಡಿದು ನೇರ ಮೇಲಕ್ಕೆ ಎಳಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳು.

ಮೂರನೇ ಪ್ರಾಣಿಯೂ ಇದೆ. ಸಕಲೇಶಪುರ, ಮೂಡಿಗೆರೆ ಕಡೆ ತೋಟದೊಳಗೆ ಆನೆ ಓಡಾಡುತ್ತದೆ. ಕತ್ತಲಿರುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬಳೇ ಅಭ್ಯಾಸಕ್ಕೆ ಹೊರಡಬೇಡ. ತೋಟ ನೋಡಿಕೊಳ್ಳುವ ರೈಟರನ್ನು ಕೇಳು. ದಾರಿ ಬಿಡಬೇಕೋ ಬೇಡವೋ ಅನ್ನುವುದೂ ಅವರದೇ ಮಾತು, ನಿನ್ನೆ ರಾತ್ರಿ ಆನೆ ಎಲ್ಲಿತ್ತೆಂದು ಗೊತ್ತಿರುವುದೂ ಅವರಿಗೇ. ರಕ್ಷಿತಾರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡ.

ಕಡ್ಡಾಯ ಸಾಮಾನಿನ ಪಟ್ಟಿ ನೋಡಿ ನೀನು ನಗುವ ಇಮೋಜಿ ಹಾಕಿದ್ದೀಯ: ಸೀಟಿ, ಮಳೆ ಜಾಕೆಟ್, ಹೆಡ್‌ಲ್ಯಾಂಪ್. ಅದರ ಬಗ್ಗೆ ಒಂದು ವಿಷಯ ಹೇಳಲೇಬೇಕು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನೂರು ಕಿ.ಮೀ. ಗುಡ್ಡದ ಓಟ ಶುರುವಾಗಿತ್ತು. ಓಟಗಾರರು ಚಡ್ಡಿ, ತೆಳು ಅಂಗಿಯಲ್ಲಿದ್ದರು. ಮಧ್ಯಾಹ್ನದ ಹೊತ್ತಿಗೆ ಗಾಳಿ, ಆಲಿಕಲ್ಲು, ಕೊರೆಯುವ ಮಳೆ. ಗಾಳಿ ತಡೆಯುವ ಜಾಕೆಟ್ ಕಡ್ಡಾಯದ ಪಟ್ಟಿಯಲ್ಲಿ ಇರಲಿಲ್ಲ. ಇಪ್ಪತ್ತೊಂದು ಜನ ಸತ್ತರು, ದೇಶದ ಹೆಸರಾಂತ ಓಟಗಾರರೂ ಅದರಲ್ಲಿದ್ದರು. ಒಬ್ಬ ಕುರಿಗಾಹಿ ಆರು ಮಂದಿಯನ್ನು ತನ್ನ ಗುಹೆಗೆ ಕರೆತಂದು ಬೆಂಕಿ ಕಾಯಿಸಿ ಉಳಿಸಿದ. ನಮ್ಮಲ್ಲಿ ಅಷ್ಟು ಚಳಿ ಎಲ್ಲಿದೆ ಅನ್ನಬೇಡ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಲ್ಲಿಯ ಮಳೆಗಾಳಿಗೆ ಒದ್ದೆ ಮೈಯಲ್ಲಿ ಹತ್ತು ನಿಮಿಷ ನಿಂತು ನೋಡು. ಓಡುತ್ತಿರುವಷ್ಟು ಹೊತ್ತು ಮೈ ಬೆಚ್ಚಗಿರುತ್ತದೆ, ಕಾಲು ಉಳುಕಿ ಕೂತೆಯೋ, ಜಾಕೆಟ್ ಬೇಕು.

ಅರ್ಧದಲ್ಲಿ ಬಿಡಬೇಕಾಗಿ ಬಂದರೆ? ಬಿಡು. ಕೋರ್ಟ್ನಿ ಡಾವಾಲ್ಟರ್ ಗೊತ್ತಲ್ಲ, 2023ರಲ್ಲಿ ವೆಸ್ಟರ್ನ್ ಸ್ಟೇಟ್ಸ್, ಹಾರ್ಡ್‌ರಾಕ್, ಯುಟಿಎಂಬಿ ಅನ್ನುವ ಮೂರು ದೊಡ್ಡ ಓಟಗಳನ್ನೂ ಒಂದೇ ಬೇಸಗೆಯಲ್ಲಿ ಗೆದ್ದ ಮೇಡಂ. ತನ್ನ ಮೊದಲ ನೂರು ಮೈಲಿ ಓಟವನ್ನು ಆಕೆ ಅರ್ಧದಲ್ಲೇ ಬಿಟ್ಟಿದ್ದಳು. ಬೇಸರ, ದಣಿವು, 'ನನಗ್ಯಾಕೆ ಬೇಕಿತ್ತು ಇದು' ಅನ್ನುವುದೆಲ್ಲ ನಿಲ್ಲಲು ಕಾರಣವಲ್ಲ. ಏನಾದರೂ ತಿಂದು ಇಪ್ಪತ್ತು ನಿಮಿಷ ನಡೆದರೆ ಅರ್ಧ ಹೋಗುತ್ತದೆ. ಹೆಜ್ಜೆ ಬದಲಾಗುವಂಥ ನೋವು, ಮಾತು ತೊದಲುವುದು, ನಡುಕ ನಿಲ್ಲದಿರುವುದು ಕಾರಣ. ಆಗ ವಾಲಂಟಿಯರ್ ಹುಡುಗರ ಹತ್ತಿರ ಹೋಗಿ ನಿನ್ನ ಬಿಬ್ ನಂಬರ್ ಹೇಳಿಯೇ ನಿಲ್ಲು. ಹೇಳದೆ ಯಾರದೋ ಜೀಪು ಹತ್ತಿ ಹೋದರೆ ರಾತ್ರಿಯಿಡೀ ಆ ಹುಡುಗರು ಟಾರ್ಚ್ ಹಿಡಿದು ನಿನ್ನನ್ನು ಹುಡುಕುತ್ತಾರೆ.

ಅಕ್ಕನಿಗೆ ಇನ್ನೂ ಹೇಳಿಲ್ಲ ಅಂತ ಬರೆದಿದ್ದೀಯ. ಈ ಪತ್ರ ಅಚ್ಚಾಗುವ ಮುಂಚೆ ಹೇಳಿಬಿಡು, ಇಲ್ಲದಿದ್ದರೆ ಪತ್ರಿಕೆ ಓದಿ ನನ್ನ ಮೇಲೆ ಹಾರಿಬೀಳುತ್ತಾಳೆ. ತೋಟದೊಳಗೆ ಸಿಗ್ನಲ್ ಸಿಗುವುದಿಲ್ಲ ಅನ್ನುವುದನ್ನೂ ಹೇಳು, ಮುಗಿಯುವ ಹೊತ್ತನ್ನು ಒಂದು ಗಂಟೆ ಹೆಚ್ಚು ಸೇರಿಸಿ ಹೇಳು. ಫಾರ್ಮಿನಲ್ಲಿ ತುರ್ತು ಸಂಪರ್ಕ ಅಂತ ಇರುವ ಕಡೆ ನನ್ನ ನಂಬರ್ ಹಾಕು, ಅವಳಿಗೆ ನಾನು ಹೇಳಿಕೊಳ್ಳುತ್ತೇನೆ. ಹೆಡ್‌ಲ್ಯಾಂಪ್ ಕೊಳ್ಳಬೇಡ, ನನ್ನ ಹತ್ತಿರ ಎರಡಿವೆ. ಮುಂದಿನ ವಾರ ಬರುವಾಗ ತರುತ್ತೇನೆ, ಬ್ಯಾಟರಿ ಮಾತ್ರ ಹೊಸದು ತಂದಿಟ್ಟಿರು.

ನಿನ್ನ
ಚಿಕ್ಕಮ್ಮ