ಹಿತ್ತಲಿನ ಹೊರಸಿನಿಂದ ಉಲ್ಕಾವೃಷ್ಟಿ

ಪ್ರಶ್ನೆ: ಡಿಸೆಂಬರ್‌ನಲ್ಲಿ ಒಂದೇ ರಾತ್ರಿ ನೂರಾರು ಉಲ್ಕೆಗಳು ಕಾಣುತ್ತವೆ ಎಂದು ಪ್ರತಿವರ್ಷ ಓದುತ್ತೇವೆ. ಬೆಂಗಳೂರಿನವರು ಅದಕ್ಕಾಗಿ ಊರು ಬಿಟ್ಟು ಹೋಗುತ್ತಾರಂತೆ, ದುರ್ಬೀನು ಒಯ್ಯುತ್ತಾರಂತೆ. ನಮ್ಮದು ಹೆದ್ದಾರಿ ಪಕ್ಕದ ಊರು. ಮನೆಯ ಹಿತ್ತಲಿನಿಂದಲೇ ನೋಡಬಹುದೆ? ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ನೋಡಬೇಕು?
— ಓದುಗರೊಬ್ಬರು, ಕೊಡಿಕೊಂಡ

ಉತ್ತರ: ಖಂಡಿತ ನೋಡಬಹುದು. ಬೆಟ್ಟ ಹತ್ತಬೇಕಾಗಿಲ್ಲ, ದುರ್ಬೀನಂತೂ ಬೇಡವೇ ಬೇಡ. ಆಕಾಶದ ಒಂದು ಚೂರನ್ನು ಹಿಡಿದು ದೊಡ್ಡದಾಗಿ ತೋರಿಸುವುದು ದುರ್ಬೀನಿನ ಕೆಲಸ. ಉಲ್ಕೆ ಯಾವ ಚೂರಿನಲ್ಲಿ ಮಿಂಚುತ್ತದೆ ಎಂದು ಯಾರೂ ಮೊದಲೇ ಹೇಳಲಾರರು. ನೀವು ತಿರುಗಿಸುವಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ. ಇಲ್ಲಿ ಬೇಕಾದದ್ದು ಬರಿಗಣ್ಣು, ಕತ್ತಲೆ, ಮಲಗಲು ಒಂದು ಹೊರಸು. ನಗರದವರು ಹುಡುಕಿಕೊಂಡು ಹೊರಡುವ ಕತ್ತಲೆ ನಿಮ್ಮ ಹಿತ್ತಲಲ್ಲಿ ಹೆಚ್ಚುಕಡಿಮೆ ಇದ್ದೇ ಇದೆ. ಸ್ವಲ್ಪ ಕಾಪಾಡಿಕೊಳ್ಳಬೇಕು, ಅಷ್ಟೆ.

ನೀವು ಓದಿರುವುದು ಜೆಮಿನಿಡ್ ಉಲ್ಕಾವೃಷ್ಟಿಯ ಬಗ್ಗೆ. ಮಿಥುನ ರಾಶಿಯ ದಿಕ್ಕಿನಿಂದ ಹೊರಟಂತೆ ಕಾಣುವುದರಿಂದ ಆ ಹೆಸರು. ಡಿಸೆಂಬರ್ ಮೊದಲ ವಾರದಲ್ಲಿ ಒಂದೊಂದಾಗಿ ಶುರುವಾಗಿ 13, 14ರ ರಾತ್ರಿಗಳಲ್ಲಿ ಉತ್ತುಂಗಕ್ಕೇರಿ, ಆಮೇಲೆ ಬೇಗ ಇಳಿದುಬಿಡುತ್ತದೆ. ವರ್ಷದಲ್ಲಿ ಒಂದೇ ಒಂದು ಉಲ್ಕಾವೃಷ್ಟಿ ನೋಡಲು ಸಾಧ್ಯ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆಗಸ್ಟ್‌ನ ಪರ್ಸಿಡ್ ಬಗ್ಗೆ ಪತ್ರಿಕೆಗಳಲ್ಲಿ ಎಷ್ಟೇ ಬಂದರೂ ಆಗ ನಮ್ಮಲ್ಲಿ ಮೋಡದ ಕಾಲ, ಅದು ಹೊಮ್ಮುವ ಬಿಂದುವೂ ನಮ್ಮ ಉತ್ತರ ದಿಗಂತದ ಕಡೆ ತಗ್ಗಿನಲ್ಲೇ ಉಳಿಯುತ್ತದೆ. ಜೆಮಿನಿಡ್ ಹಾಗಲ್ಲ, ನಮ್ಮ ನೆತ್ತಿಯ ಹತ್ತಿರಕ್ಕೇ ಬರುತ್ತದೆ.

ಬೀಳುವುದು ನಕ್ಷತ್ರವಲ್ಲ. ಚುಕ್ಕಿ ಬಿದ್ದರೆ ಯಾರದೋ ಪ್ರಾಣ ಹೋಯಿತು ಎಂದು ಮನೆಯ ಹಿರಿಯರು ಹೇಳಿದರೆ, ಬೆಳಗಿನ ಜಾವದವರೆಗೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ. ಅಷ್ಟೆಲ್ಲ ಉದುರಿದ ಮೇಲೂ ಪುನರ್ವಸು, ಆರ್ದ್ರಾ, ರೋಹಿಣಿ ಎಲ್ಲವೂ ಇದ್ದಲ್ಲೇ ಇರುವುದನ್ನು ಅವರೇ ಕಾಣುತ್ತಾರೆ. ಉರಿಯುವುದು ಹೆಚ್ಚಾಗಿ ಮರಳಿನ ಕಾಳಿನಷ್ಟು, ಕೆಲವೊಮ್ಮೆ ಕಡಲೆಕಾಳಿನಷ್ಟು ದೊಡ್ಡ ಚೂರು. ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದಲ್ಲಿ ನಮ್ಮ ವಾತಾವರಣಕ್ಕೆ ನುಗ್ಗಿ, ನೆಲದಿಂದ ಹತ್ತಿರ ಹತ್ತಿರ ನೂರು ಕಿಲೋಮೀಟರ್ ಮೇಲೆಯೇ ಆವಿಯಾಗುತ್ತದೆ. ನಿಮ್ಮ ಮಾಳಿಗೆಯ ಮೇಲೆ ಏನೂ ಬೀಳುವುದಿಲ್ಲ. 1865ರಲ್ಲಿ ಮೈಸೂರು ಸೀಮೆಯ ಮದ್ದೂರಿನಲ್ಲಿ ಬಿದ್ದಂಥ ಉಲ್ಕಾಶಿಲೆಗಳ ಕಥೆಯೇ ಬೇರೆ. ಅವು ದೊಡ್ಡ ಬಂಡೆಗಳಿಂದ ಬರುವಂಥವು.

ಈ ಚೂರುಗಳು ಎಲ್ಲಿಂದ ಬಂದವು ಎಂಬುದು ಖಗೋಳದ ಒಂದು ಸೊಗಸಾದ ಒಗಟು. ಉಳಿದ ಉಲ್ಕಾವೃಷ್ಟಿಗಳ ತಾಯಿ ಸಾಮಾನ್ಯವಾಗಿ ಧೂಮಕೇತು. ಸೂರ್ಯನ ಹತ್ತಿರ ಬಂದಾಗ ಅದರ ಮಂಜುಗಡ್ಡೆ ಆವಿಯಾಗಿ ಧೂಳು ಹೊರಬೀಳುತ್ತದೆ, ಆ ಧೂಳಿನ ದಾರಿಯನ್ನು ಭೂಮಿ ಪ್ರತಿವರ್ಷ ದಾಟುತ್ತದೆ. ಜೆಮಿನಿಡ್ ಉಲ್ಕೆಗಳನ್ನು 1862ರಿಂದಲೇ ಗುರುತಿಸುತ್ತ ಬಂದಿದ್ದರೂ ಅವುಗಳ ಧೂಮಕೇತು ಮಾತ್ರ ನೂರಿಪ್ಪತ್ತು ವರ್ಷ ಸಿಕ್ಕಿರಲಿಲ್ಲ. 1983ರಲ್ಲಿ ಐರಾಸ್ ಎಂಬ ಉಪಗ್ರಹದ ಚಿತ್ರಗಳಲ್ಲಿ ಸೈಮನ್ ಗ್ರೀನ್ ಮತ್ತು ಜಾನ್ ಡೇವೀಸ್ ಒಂದು ಓಡುವ ಕಾಯವನ್ನು ಕಂಡರು. ಅದರ ಕಕ್ಷೆಯೂ ಜೆಮಿನಿಡ್ ಚೂರುಗಳ ಕಕ್ಷೆಯೂ ಒಂದೇ ಎಂದು ಫ್ರೆಡ್ ವಿಪಲ್ ತೋರಿಸಿಕೊಟ್ಟರು. ಆದರೆ ಸಿಕ್ಕಿದ್ದು ಧೂಮಕೇತುವಲ್ಲ, ಐದಾರು ಕಿಲೋಮೀಟರ್ ಅಗಲದ ಬಂಡೆ! ಅದಕ್ಕೆ 3200 ಫೇಥಾನ್ ಎಂದು ಹೆಸರು. ಒಂದೂವರೆ ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಸೂರ್ಯನನ್ನು ಒಂದು ಸುತ್ತು ಹಾಕುತ್ತದೆ, ಪ್ರತಿ ಸುತ್ತಿನಲ್ಲೂ ಬುಧನ ಕಕ್ಷೆಯ ಒಳಗೆ ಹೊಕ್ಕು ಕಾದು ಬರುತ್ತದೆ. ಆಗ ಅದಕ್ಕೊಂದು ಸಣ್ಣ ಬಾಲ ಮೂಡುವುದುಂಟು. ಅದು ಧೂಳಿನ ಬಾಲವೆಂದೇ ಎಣಿಸಿದ್ದರು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದು ಸೋಡಿಯಂ ಅನಿಲ ಎಂದು ತೋರಿಸಿತು. ಅಂದರೆ ಈಗ ಅದು ಧೂಳು ಚೆಲ್ಲುತ್ತಿರುವಂತೆ ಕಾಣುವುದಿಲ್ಲ. ಇಷ್ಟೊಂದು ಚೂರುಗಳು ಹೊರಬರಬೇಕಾದರೆ ಹಿಂದೆ ಯಾವಾಗಲೋ ಅದಕ್ಕೆ ದೊಡ್ಡ ಆಘಾತವೇ ಆಗಿರಬೇಕು ಎಂಬುದು ಹಲವರ ಊಹೆ. ಜಪಾನಿನವರು ಡೆಸ್ಟಿನಿ ಪ್ಲಸ್ ಎಂಬ ನೌಕೆಯನ್ನು ಅದರ ಬಳಿಗೆ ಕಳಿಸಲು ಸಿದ್ಧತೆ ನಡೆಸಿದ್ದಾರೆ.

ಇನ್ನು ದಿಕ್ಕು. ನಿಮ್ಮೂರಿನ ಹೆದ್ದಾರಿ 44ರ ನಡುವೆ ನಿಂತು ದೂರಕ್ಕೆ ನೋಡಿದರೆ ರಸ್ತೆಯ ಎರಡೂ ಅಂಚು ಒಂದೇ ಬಿಂದುವಿನಲ್ಲಿ ಕೂಡುವಂತೆ ಕಾಣುತ್ತದಲ್ಲ, ಸಮಾನಾಂತರವಾಗಿ ಬರುವ ಈ ಚೂರುಗಳೂ ಹಾಗೆಯೇ ಆಕಾಶದ ಒಂದು ಬಿಂದುವಿನಿಂದ ಚಿಮ್ಮಿದಂತೆ ಕಾಣುತ್ತವೆ. ಆ ಬಿಂದು ಪುನರ್ವಸುವಿನ ಜೋಡಿ ನಕ್ಷತ್ರಗಳಲ್ಲಿ ಒಂದಾದ ಕ್ಯಾಸ್ಟರ್ ಪಕ್ಕದಲ್ಲಿದೆ. ರಾತ್ರಿ ಒಂಬತ್ತಕ್ಕೆ ಪೂರ್ವಕ್ಕೆ ಮುಖ ಮಾಡಿ. ಮೇಲೆ ಸಾಲಾಗಿ ಮೂರು ಚುಕ್ಕಿಯಿರುವ ಮಹಾವ್ಯಾಧ ಸಿಗುತ್ತಾನೆ. ಅವನ ಎಡಕ್ಕೆ, ಈಶಾನ್ಯದ ಕಡೆ ತಗ್ಗಿನಲ್ಲಿ ಎರಡು ಪ್ರಕಾಶಮಾನ ನಕ್ಷತ್ರಗಳು ಪಕ್ಕಪಕ್ಕ ಇರುತ್ತವೆ. ಎಡಗಡೆಯ, ಸ್ವಲ್ಪ ಮಂಕಾದದ್ದೇ ಕ್ಯಾಸ್ಟರ್.

ಗುರುತಿಸಿದ ಮೇಲೆ ಅದನ್ನೇ ದಿಟ್ಟಿಸುತ್ತ ಕೂರಬೇಡಿ. ಆ ಬಿಂದುವಿನ ಹತ್ತಿರದ ಉಲ್ಕೆಗಳು ನಮ್ಮತ್ತಲೇ ಬರುವುದರಿಂದ ಗೆರೆ ಗಿಡ್ಡವಾಗಿರುತ್ತದೆ. ಉದ್ದನೆಯ ಚೆಂದದ ಗೆರೆಗಳು ಅದರಿಂದ ದೂರದಲ್ಲಿ ಮೂಡುತ್ತವೆ. ಆದ್ದರಿಂದ ಅಂಗಾತ ಮಲಗಿ, ನೆತ್ತಿಯ ಸುತ್ತ ಎಲ್ಲಿ ಹೆಚ್ಚು ಕಪ್ಪಗಿದೆಯೋ ಅಲ್ಲಿಗೆ ಕಣ್ಣು ಬಿಟ್ಟಿರಿ.

ಹೊತ್ತಿನ ವಿಚಾರದಲ್ಲಿ ಲೆಕ್ಕ ಸರಳ. ನಿಮ್ಮ ಅಕ್ಷಾಂಶದಲ್ಲಿ ಆ ಬಿಂದು ಏಳೂವರೆ ದಾಟಿದ ಮೇಲೆ ಹುಟ್ಟುತ್ತದೆ. ಹತ್ತು ಗಂಟೆಗೆ ಸುಮಾರು 30 ಡಿಗ್ರಿ ಎತ್ತರದಲ್ಲಿದ್ದು, ನೆತ್ತಿಯಲ್ಲಿದ್ದರೆ ಕಾಣುವುದರ ಅರ್ಧದಷ್ಟು ಉಲ್ಕೆಗಳು ಕಾಣುತ್ತವೆ. ಎರಡು ಗಂಟೆ ದಾಟುವ ಹೊತ್ತಿಗೆ 70 ಡಿಗ್ರಿ ಮೇಲೇರಿರುತ್ತದೆ. ಮಕ್ಕಳಿದ್ದರೆ ಒಂಬತ್ತರಿಂದ ಹನ್ನೊಂದು. ಆಗ ಸಂಖ್ಯೆ ಕಡಿಮೆಯಾದರೂ ಆಕಾಶವನ್ನು ಓರೆಯಾಗಿ ಸವರಿಕೊಂಡು ಹೋಗುವ ನೀಳ ಉಲ್ಕೆಗಳ ಹೊತ್ತು ಅದು. ದೊಡ್ಡವರು ಹನ್ನೆರಡರಿಂದ ಮೂರು. ಗಂಟೆಗೆ 150 ಎಂದು ಓದುವ ಸಂಖ್ಯೆ ಅತಿ ಕಪ್ಪು ಆಕಾಶಕ್ಕೆ, ಆ ಬಿಂದು ನೆತ್ತಿಯಲ್ಲೇ ಇರುವಾಗಿನದು. ನಿಮ್ಮ ಹಿತ್ತಲಲ್ಲಿ ನಡುರಾತ್ರಿ ದಾಟಿದ ಮೇಲೆ ಗಂಟೆಗೆ ನಲವತ್ತು ಐವತ್ತು ಕಂಡರೆ ಅದು ಒಳ್ಳೆಯ ರಾತ್ರಿ. ಮೂರು ನಿಮಿಷ ಏನೂ ಇಲ್ಲದೆ, ಒಂದೇ ಉಸಿರಿನಲ್ಲಿ ಎರಡು ಬರುವುದೂ ಉಂಟು, ಎದ್ದು ಹೋಗಬೇಡಿ.

ಕತ್ತಲೆ ಕಾಪಾಡುವುದು ಹೇಗೆ? ದಕ್ಷಿಣದಲ್ಲಿ ಬೆಂಗಳೂರಿನ ಬೆಳಕಿನ ಮಬ್ಬು ದಿಗಂತದಲ್ಲಿ ಇದ್ದೇ ಇರುತ್ತದೆ. ಅದನ್ನು ತಲೆಯ ಕಡೆಗೆ ಬಿಟ್ಟುಕೊಳ್ಳಿ. ಹೆದ್ದಾರಿಯ ಲಾರಿಗಳ ಹೆಡ್‌ಲೈಟಿಗೂ ನಿಮಗೂ ನಡುವೆ ಮನೆಯ ಗೋಡೆಯೋ ಹುಣಸೆ ಮರವೋ ಇರಲಿ, ಆದರೆ ತಲೆಯ ಮೇಲೆ ಕೊಂಬೆ ಬೇಡ. ಪಕ್ಕದ ಮನೆಯವರಿಗೆ ಹೇಳಿ ಹಿತ್ತಲ ದೀಪ ಆರಿಸಿಸಿ, ಅವರನ್ನೂ ಕರೆಯಿರಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಲು ಅರ್ಧ ಗಂಟೆ ಬೇಕು, ಒಮ್ಮೆ ಮೊಬೈಲ್ ನೋಡಿದರೆ ಆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ. ನೆಲದ ಮೇಲೆ ಚಾಪೆ ಹಾಸುವುದಕ್ಕಿಂತ ಹೊರಸೇ ಲೇಸು, ಚೇಳಿನ ಭಯವಿಲ್ಲ. ಡಿಸೆಂಬರ್ ನಡುರಾತ್ರಿಯ ಚಳಿ ಮಲಗಿದವರನ್ನು ಬೇಗ ಹಿಡಿಯುತ್ತದೆ, ಇಬ್ಬನಿಯೂ ಇಳಿಯುತ್ತದೆ; ಕಂಬಳಿ ಹೊದ್ದು ಕಿವಿ ಮುಚ್ಚಿಕೊಳ್ಳಿ. ಕಲ್ಯಾಣದುರ್ಗದ ಕಡೆ ನೆಂಟರಿದ್ದರೆ ಅವರಿಗೂ ತಿಳಿಸಿ: ಅಲ್ಲಿ ಊರಿನ ಬೆಳಕು ಇನ್ನೂ ಕಡಿಮೆ. ಗಾಳಿಯಂತ್ರಗಳ ಕೆಂಪು ದೀಪ ಕಂಡರೆ ಅದಕ್ಕೆ ಬೆನ್ನು ಹಾಕಿದರೆ ಸಾಕು.

ಎರಡು ವಿಷಯ ನಮ್ಮ ಕೈಯಲ್ಲಿಲ್ಲ. ಒಂದು ಚಂದ್ರ. 2026ರಲ್ಲಿ ಅಮಾವಾಸ್ಯೆ ಡಿಸೆಂಬರ್ 9ಕ್ಕೆ. 13, 14ರಂದು ಎಳೆ ಚಂದ್ರ ನಡುರಾತ್ರಿಗೆ ಮೊದಲೇ ಮುಳುಗುತ್ತಾನೆ, ಬಹಳ ಒಳ್ಳೆಯ ವರ್ಷ. 2027ರ ಡಿಸೆಂಬರ್ 13 ಹುಣ್ಣಿಮೆಯೇ ಆಗಿರುವುದರಿಂದ ದೊಡ್ಡ ಉಲ್ಕೆಗಳು ಮಾತ್ರ ಕಂಡಾವು. ಇನ್ನೊಂದು ಮೋಡ. ಅನಂತಪುರ ಸೀಮೆ ಮಳೆ ಕಾಣದ ನೆಲವಾದರೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಡಿಸೆಂಬರ್‌ನಲ್ಲೂ ಎರಡು ಮೂರು ದಿನ ಮುಚ್ಚಿಕೊಳ್ಳುತ್ತದೆ. ನಿಮ್ಮದೇ ರಾಜ್ಯದ ತಿರುಪತಿ ಬಳಿಯ ಗಾದಂಕಿಯಲ್ಲಿರುವ 53 ಮೆಗಾಹರ್ಟ್ಸ್ ರೇಡಾರಿಗೆ ಮೋಡದ ಚಿಂತೆಯಿಲ್ಲ. ಉಲ್ಕೆ ಹಾದುಹೋದ ದಾರಿಯ ಅಯಾನುಗಳಿಗೆ ತಗುಲಿ ಮರಳಿದ ಅಲೆಯಿಂದ ಅದು ಹಗಲಲ್ಲೂ ಉಲ್ಕೆಗಳನ್ನು ಹಿಡಿಯುತ್ತದೆ. ಜೆಮಿನಿಡ್ ಉಲ್ಕೆಗಳನ್ನೂ ಅಲ್ಲಿ ಅಧ್ಯಯನ ಮಾಡಿದ್ದಾರೆ. ನಮಗೆ ಮೋಡ ಅಡ್ಡ ಬಂದರೆ ಜನವರಿ 3ರ ರಾತ್ರಿ, 4ರ ಬೆಳಗಿನ ಜಾವಕ್ಕೆ ಕ್ವಾಡ್ರಾಂಟಿಡ್ ಇದೆ, ಉತ್ತರ-ಈಶಾನ್ಯದಲ್ಲಿ. ಅದರ ಉತ್ತುಂಗ ಕೆಲವೇ ಗಂಟೆಗಳದ್ದು, ಕೆಲವು ವರ್ಷ ನಮ್ಮ ಹಗಲಿಗೆ ಬಿದ್ದು ಕೈತಪ್ಪುತ್ತದೆ.

ಕೊನೆಗೊಂದು ಕೋರಿಕೆ: ನೋಡುವುದರ ಜೊತೆಗೆ ಎಣಿಸಿ. 1988ರಿಂದ ಇರುವ ಅಂತಾರಾಷ್ಟ್ರೀಯ ಉಲ್ಕಾ ಸಂಸ್ಥೆ ಜಗತ್ತಿನ ಹವ್ಯಾಸಿಗಳು ಬರಿಗಣ್ಣಿನಿಂದ ಎಣಿಸಿದ ಲೆಕ್ಕವನ್ನು ಸಂಗ್ರಹಿಸಿ, ಫೇಥಾನ್ ಚೆಲ್ಲಿದ ಚೂರುಗಳು ಎಲ್ಲಿ ದಟ್ಟ, ಎಲ್ಲಿ ತೆಳು ಎಂದು ನಕ್ಷೆ ಮಾಡುತ್ತದೆ. ಬಯಲುಸೀಮೆಯಿಂದ ಹೋಗುವ ಒಂದು ಶ್ರದ್ಧೆಯ ಲೆಕ್ಕಕ್ಕೂ ಅಲ್ಲಿ ಬೆಲೆಯಿದೆ. ಬ್ಯಾಟರಿ ಹೊತ್ತಿಸಿ ಬರೆಯುತ್ತ ಕೂತರೆ ಕಣ್ಣು ಕೆಡುತ್ತದೆ, ಅದಕ್ಕೆ ಹುಣಸೆ ಬೀಜ ಇಟ್ಟುಕೊಳ್ಳಿ, ನಿಮ್ಮ ಕಡೆ ಅದಕ್ಕೇನು ಬರ! ಹೊರಸಿನ ಎಡಬಲಕ್ಕೆ ಎರಡು ಬಟ್ಟಲು. ಕಂಡ ಗೆರೆಯನ್ನು ಮನಸ್ಸಿನಲ್ಲೇ ಹಿಂದಕ್ಕೆ ಎಳೆಯಿರಿ. ಅದು ಕ್ಯಾಸ್ಟರ್ ಕಡೆ ಸೇರಿದರೆ ಬಲ ಬಟ್ಟಲಿಗೊಂದು ಬೀಜ, ಇಲ್ಲದಿದ್ದರೆ ಎಡಕ್ಕೆ. ಗಂಟೆಗೊಮ್ಮೆ ಬಟ್ಟಲುಗಳನ್ನು ಬದಲಿಸಿ, ಬೆಳಗಾದ ಮೇಲೆ ಎಣಿಸಿ ಬರೆದಿಡಿ. ಶುರುಮಾಡಿದ ಹೊತ್ತು, ಮುಗಿಸಿದ ಹೊತ್ತು, ಮೋಡ ಎಷ್ಟಿತ್ತು, ಕಂಡ ಅತಿ ಮಂಕು ನಕ್ಷತ್ರ ಯಾವುದು ಎಂಬುದೂ ಜೊತೆಗಿರಲಿ; ಇವಿಲ್ಲದೆ ಬರೀ ಸಂಖ್ಯೆಯಿಂದ ಅವರು ಲೆಕ್ಕ ಹಾಕಲಾರರು.