ದೋಸೆಗೆ ಹೋಗುವಾಗ ಪುಟ್ಟನೂ ಬರಲಿ

ಪುಟ್ಟಿ,

ಎರಡು ವರ್ಷದ ಮಗ ಪುಟ್ಟನನ್ನು ಕರೆದುಕೊಂಡು ಗಾಂಧಿಬಜಾರಿಗೆ ದೋಸೆ ತಿನ್ನಲು ಹೋಗಬಹುದೇ ಎಂದು ಕೇಳಿದ್ದೀಯ. ಧಾರಾಳವಾಗಿ ಹೋಗು. ಭಾನುವಾರ ಬೆಳಗ್ಗೆ ಮಾತ್ರ ಬೇಡ. ಅಲ್ಲಿನ ವಿದ್ಯಾರ್ಥಿ ಭವನ ಹೋಟೆಲಿನ ಮುಂದೆ ಆಗ ಜಾತ್ರೆ. ಹಸಿದ ಮಗು ಕಾದು ಕಾದು ಒಳಗೆ ಕಾಲಿಡುವ ಮೊದಲೇ ರಚ್ಚೆ ಹಿಡಿದಿರುತ್ತದೆ. ಶುಕ್ರವಾರ ರಜೆ. ಉಳಿದ ದಿನ ಬಾಗಿಲು ತೆರೆಯುವ ಹೊತ್ತಿಗೇ ಹೋಗು, ಹೊರಡುವ ಮುಂಚೆ ಅವನಿಗೊಂದು ಬಾಳೆಹಣ್ಣು ತಿನ್ನಿಸು.

1943ರಲ್ಲಿ ಶುರುವಾದ ಆ ಹೋಟೆಲಿನ ಸಪ್ಲೈಯರುಗಳು ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ತೋಳಿನುದ್ದಕ್ಕೂ ಪೇರಿಸಿಕೊಂಡು ಬರುವುದನ್ನು ನೀನು ನೋಡಿದ್ದೀಯಲ್ಲ? ಅಷ್ಟು ಹೊತ್ತವನಿಗೆ ಮೊಣಕಾಲೆತ್ತರದ ಮಗು ಎಲ್ಲಿ ಕಾಣಬೇಕು! ಹಿಂದೆಯೇ ಇನ್ನೊಬ್ಬ ಬಿಸಿ ಕಾಫಿ ಹಿಡಿದು ಬರುತ್ತಿರುತ್ತಾನೆ. ಮೇಜುಗಳ ನಡುವೆ ಮಗನನ್ನು ಓಡಲು ಬಿಟ್ಟು 'ಆಡಿಕೊಳ್ಳಲಿ ಬಿಡಿ' ಎನ್ನುವ ತಂದೆತಾಯಿಯರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗೋಡೆಯ ಪಕ್ಕದ ಜಾಗ ಕೇಳಿ ತೆಗೆದುಕೊಂಡು, ಅವನನ್ನು ಒಳಬದಿಗೆ ಕೂರಿಸು.

ನಮ್ಮ ಹಳೆಯ ಹೋಟೆಲುಗಳಲ್ಲಿ ಎದುರಿಗೆ ಅಪರಿಚಿತರು ಬಂದು ಕೂರುವುದುಂಟು. ಪುಟ್ಟ ಅವರ ಚಟ್ನಿಗೆ ಕೈ ಹಾಕಿದರೆ ಹಲ್ಲು ಕಿರಿದು 'ತುಂಬಾ ತುಂಟ' ಎನ್ನಬೇಡ. ಕ್ಷಮೆ ಕೇಳಿ ಬೇರೆ ಚಟ್ನಿ ತರಿಸಿಕೊಡು. ಮಗು ಅಳುವುದು, ಚೆಲ್ಲುವುದು ಯಾರಿಗೂ ಹೊಸದಲ್ಲ, ಹೆತ್ತವರು ಕಂಡೂ ಕಾಣದಂತೆ ಕೂರುವುದೇ ಜನರನ್ನು ರೇಗಿಸುವುದು. ಅಳು ನಿಲ್ಲದಿದ್ದರೆ ನಿಮ್ಮಲ್ಲೊಬ್ಬರು ಎತ್ತಿಕೊಂಡು ಹೊರಗೆ ಹೋಗಿ. ಪ್ರತಿಸಲವೂ ನೀನೇ ಏಳಬೇಕಿಲ್ಲ, ನಿನ್ನ ಗಂಡನ ದೋಸೆಯೂ ಒಮ್ಮೆ ಆರಲಿ. ಮೊಬೈಲ್ ಕೊಡಲೇಬೇಕಾಗಿ ಬಂದರೆ ಸದ್ದು ಪೂರ್ತಿ ತೆಗೆದು ಕೊಡು.

ನಿಂತು ತಿನ್ನುವ ದರ್ಶಿನಿಗೆ ಹೋದರೆ ಇನ್ನೊಂದು ಪೇಚು. ಕುರ್ಚಿ ಇಲ್ಲವೆಂದು ಮಗುವನ್ನು ಚಪ್ಪಲಿ ಸಮೇತ, ಜನ ತಟ್ಟೆ ಇಟ್ಟು ತಿನ್ನುವ ಕಟ್ಟೆಯ ಮೇಲೆ ನಿಲ್ಲಿಸುತ್ತಾರೆ. ಡೈಪರ್ ಬದಲಿಸಿದವರನ್ನೂ ನೋಡಿದ್ದೇನೆ, ಅದರ ಮಾತು ಬೇಡ ಬಿಡು.

ಚೆಲ್ಲಿದ್ದನ್ನು ಆದಷ್ಟು ಬಳಿದು ತಟ್ಟೆಗೆ ಹಾಕು. ಟಿಪ್ಸ್ ಕೊಡುವಾಗ ಮೇಜು ಒರೆಸುವ ಹುಡುಗನ ಕೈಗೂ ಒಂದಿಷ್ಟು ಹಾಕು. ಬಿಲ್ ಕೊಟ್ಟ ಮೇಲೆ ಹರಟುತ್ತ ಕೂರಬೇಡಿ, ಜಾಗಕ್ಕೆ ಕಾಯುತ್ತಿರುವವರ ಕಂಕುಳಲ್ಲೂ ಮಗುವಿರಬಹುದು.

ಪುಟ್ಟನಿಗೆ ದೋಸೆಯ ನಡುವಿನ ಮೆತ್ತಗಿನ ಭಾಗ ಕೊಡು. ಪಲ್ಯದಲ್ಲಿ ಹಸಿಮೆಣಸಿನಕಾಯಿ ಇದೆಯೇ ನೋಡಿ ತೆಗೆ. ಗರಿಗರಿ ಅಂಚು ನಿನಗಿರಲಿ.

ಇಂತಿ ನಿನ್ನ ಸೋದರಮಾವ